ಶಾಲಾ ಇನ್ಸ್‌ಪೆಕ್ಟರ್ ಓದಿದ ಕಲ್ಲುಗಳು

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನ ನಮ್ಮ ಮಗಳು, ಹನ್ನೊಂದರಲ್ಲಿ ಹಿಸ್ಟರಿ ತೆಗೆದುಕೊಳ್ಳುತ್ತೇನೆ ಎಂದಳು. ಅವರಪ್ಪ ಸುಮ್ಮನಾದರು. ಊರಿನಿಂದ ಫೋನು ಮಾಡಿದ ನಮ್ಮತ್ತೆ, ಅದನ್ನು ಓದಿ ಏನಾಗುತ್ತಾಳಂತೆ ಎಂದು ಕೇಳಿದರು. ಫರೀದಾಬಾದಿನ ನಮ್ಮ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ನನ್ನ ಹತ್ತಿರವೂ ಥಟ್ಟನೆ ಉತ್ತರವಿರಲಿಲ್ಲ. ಯೋಚಿಸುತ್ತಾ ಕೂತಾಗ ನೆನಪಿಗೆ ಬಂದವರು ಬಿ. ಎಲ್. ರೈಸ್.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಬಲ್ಲವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಮಗ ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಬೆಂಗಳೂರಿಗೆ ಮರಳಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಅದೇ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಯಿತು. ಮದುವೆಯಾದದ್ದೂ ವಿದ್ಯಾ ಇಲಾಖೆಯ ಮನೆಯ ಹುಡುಗಿಯನ್ನೇ: ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಗ್ಯಾರೆಟ್ ಅವರ ಮಗಳು ಮೇರಿಯನ್ನು.

1865ರಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಶಾಲೆ ನೋಡಲು ಹಳ್ಳಿಹಳ್ಳಿ ತಿರುಗುವ ಕೆಲಸ. ದಾರಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಎಲ್ಲಿ ನೋಡಿದರೂ ಅಕ್ಷರ ಕೆತ್ತಿದ ಕಲ್ಲುಗಳು. ನಾವೂ ಅಜ್ಜಿಯ ಊರಿನಲ್ಲಿ ಅಂಥ ಕಲ್ಲಿನ ಮೇಲೆ ಕೂತು ಕಡಲೆಕಾಯಿ ತಿಂದವರೇ ಅಲ್ಲವೇ! ಮಕ್ಕಳ ಓದು-ಬರಹ ಪರೀಕ್ಷಿಸಲು ಹೊರಟ ಈ ಮನುಷ್ಯನಿಗೆ ಮಾತ್ರ, ಇದರಲ್ಲಿ ಏನು ಬರೆದಿದೆ ಎಂಬ ಪ್ರಶ್ನೆ ಬಿಡಲಿಲ್ಲ.

ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಶಾಸನಗಳ ಫೋಟೋ ತೆಗೆದಿದ್ದರು. ಅವನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಹಳಗನ್ನಡ, ಸಂಸ್ಕೃತ, ಸವೆದ ಅಕ್ಷರ. ಪಂಡಿತರನ್ನು ಜೊತೆಗಿಟ್ಟುಕೊಂಡು ಕಲಿತರು, 1879ರಲ್ಲಿ ಪುಸ್ತಕ ಹೊರತಂದರು. ಮುಂದೆ ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಶುರುವಾದಾಗ ಅದರ ಹೊಣೆಯೂ ಅವರಿಗೇ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವುದು, ಆಮೇಲೆ ಒಂದೊಂದೇ ಅಕ್ಷರ ಓದುವುದು. 1906ರಲ್ಲಿ ನಿವೃತ್ತರಾಗುವ ಹೊತ್ತಿಗೆ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ 8,869 ಶಾಸನಗಳು ಸೇರಿದ್ದವು. ಇದರ ನಡುವೆಯೇ ಪಂಪಭಾರತವನ್ನೂ ಅಚ್ಚಿಗೆ ತಂದರು.

ಆ ಸಂಪುಟಗಳಲ್ಲಿ ರಾಜರು ಮಾತ್ರ ಇಲ್ಲ. ಶಿಕಾರಿಪುರದ ಕಡೆಯ ಒಂದು ಶಾಸನದಲ್ಲಿ ಜಕ್ಕಿಯಬ್ಬೆ ಸಿಗುತ್ತಾಳೆ. ಹತ್ತನೇ ಶತಮಾನದ ಆರಂಭದಲ್ಲಿ ಗಂಡ ತೀರಿಕೊಂಡ ಮೇಲೆ ಅವನ ಅಧಿಕಾರ ಇವಳಿಗೆ ಬಂತು. ನಾಗರಖಂಡ ಎಪ್ಪತ್ತನ್ನು ಆಳಿದಳು, ಕೊನೆಗೆ ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ಪ್ರಾಣ ಬಿಟ್ಟಳು. ಆ ಕಲ್ಲನ್ನು ಯಾರಾದರೂ ಮೋರಿಗೆ ಚಪ್ಪಡಿ ಮಾಡಿದ್ದರೆ ಇವಳ ಹೆಸರೇ ನಮಗೆ ತಿಳಿಯುತ್ತಿರಲಿಲ್ಲ. ಹಾಗೆ ಚಪ್ಪಡಿಯಾಗಿ ಹೋದ ಕಲ್ಲುಗಳು ಕಡಿಮೆಯೇನಲ್ಲ.

ರೈಸ್ ಓದಿದ್ದೆಲ್ಲ ಸರಿಯಿತ್ತೆಂದಲ್ಲ. ಗಂಗರ ಹಲವು ತಾಮ್ರಪಟಗಳು ನಕಲಿ ಎಂದು ಜೆ. ಎಫ್. ಫ್ಲೀಟ್ ವಾದಿಸಿದರು, ಇಬ್ಬರ ಜಟಾಪಟಿ ವರ್ಷಗಟ್ಟಲೆ ನಡೆಯಿತು. ಶ್ರವಣಬೆಳಗೊಳದ ಸಂಪುಟವನ್ನು ರೈಸ್ ನಂತರ ಬಂದ ಆರ್. ನರಸಿಂಹಾಚಾರ್ಯರು ತಿದ್ದಿ ಹಿಗ್ಗಿಸಿದರು. ನನಗೆ ಇದೇ ಇಷ್ಟವಾದ ಭಾಗ. ಇಸವಿ ಬಾಯಿಪಾಠ ಮಾಡುವುದೇ ಇತಿಹಾಸ ಎಂದು ಸ್ಕೂಲಿನಲ್ಲಿ ನಾನು ತಿಳಿದಿದ್ದೆ. ಇಲ್ಲಿ ನೋಡಿದರೆ ಸಾಕ್ಷಿ ಕೊಡು ಎಂದು ಹಿರಿಯರನ್ನೂ ಕೇಳಬಹುದು.

1892ರಲ್ಲಿ ಚಿತ್ರದುರ್ಗದ ಕಡೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅವರಿಗೆ ಅಶೋಕನ ಶಾಸನಗಳು ಸಿಕ್ಕವು. ಮೌರ್ಯರ ಆಡಳಿತ ನಮ್ಮ ಕನ್ನಡ ನಾಡಿನವರೆಗೂ ಬಂದಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ. ಬರಹ ಬ್ರಾಹ್ಮಿಯಲ್ಲಿದೆ, ಆದರೆ ಕೊನೆಯಲ್ಲಿ ಬರೆದವನು ಚಪಡ, ತಾನು ಲಿಪಿಕಾರನೆಂಬ ಮಾತನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ನಮ್ಮ ಹಾಗೇ ಊರು ಬಿಟ್ಟು ದೂರ ಕೆಲಸಕ್ಕೆ ಹೋದವನಿರಬೇಕು, ಪಾಪ!

ನಿವೃತ್ತಿಯ ನಂತರ ರೈಸ್ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. 1927ರ ಜುಲೈಯಲ್ಲಿ ಹ್ಯಾರೋದಲ್ಲಿ ತೀರಿಕೊಂಡರು.

ಅತ್ತೆಯವರಿಗೆ ಇದನ್ನೆಲ್ಲ ಹೇಳಿದೆ. ಅದೆಲ್ಲ ಬ್ರಿಟಿಷರ ಕಾಲ, ಈಗಿನದು ಹೇಳು ಅಂದರು. ಹೇಳಿದೆ: ಎಂ.ಎ. ಆದ ಮೇಲೆ ಗ್ರೇಟರ್ ನೋಯ್ಡಾದ ಪುರಾತತ್ತ್ವ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ, ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ, ದೆಹಲಿಯಲ್ಲಿ ರಾಷ್ಟ್ರೀಯ ಪತ್ರಾಗಾರ, ಮ್ಯೂಸಿಯಂಗಳಿವೆ, ಟೀಚರ್ ಕೆಲಸವಂತೂ ಇದ್ದೇ ಇದೆ. ಸಂಬಳ ಇಂಜಿನಿಯರುಗಳಷ್ಟು ಬರುತ್ತದೆಂದು ನಾನು ಹೇಳಲಿಲ್ಲ. ಮೈಸೂರು ಎಂದದ್ದಕ್ಕೆ ಅವರ ದನಿ ಸ್ವಲ್ಪ ಮೆತ್ತಗಾಯಿತು.

ಕಳೆದ ಭಾನುವಾರ ಮಗಳು ನನ್ನನ್ನು ನೇರಳೆ ಲೈನಿನ ಮೆಟ್ರೋ ಹತ್ತಿಸಿ ನೆಹರೂ ಪ್ಲೇಸಿನಲ್ಲಿ ಇಳಿಸಿದಳು. ಹತ್ತಿರದ ಈಸ್ಟ್ ಆಫ್ ಕೈಲಾಶಿನಲ್ಲಿ ಒಂದು ಬಂಡೆ ಇದೆ, 1966ರಲ್ಲಿ ಬೆಳಕಿಗೆ ಬಂದದ್ದು. ಬ್ರಹ್ಮಗಿರಿಯಲ್ಲಿ ರೈಸ್ ಕಂಡ ಅಶೋಕನ ಅದೇ ಸಂದೇಶ ಇದರ ಮೇಲೂ ಇದೆ. ಕಂಬಿಯ ಆಚೆ ನಿಂತು ನೋಡಿದರೆ ನನಗೆ ಬರೀ ಗೀಚು ಕಂಡಿತು. ಮಗಳು ಕಂಬಿಗೆ ಮುಖವಿಟ್ಟು, ಮೊಬೈಲಿನಲ್ಲಿ ಬ್ರಾಹ್ಮಿ ಅಕ್ಷರಮಾಲೆ ತೆರೆದು ಒಂದೊಂದೇ ಅಕ್ಷರ ಹೊಂದಿಸುತ್ತಿದ್ದಳು. ಅರ್ಧ ಗಂಟೆಯಾದರೂ ಬರಲಿಲ್ಲ. ನಾನು ತಂದಿದ್ದ ಚಿತ್ರಾನ್ನದ ಡಬ್ಬಿ ಬಿಚ್ಚಿದೆ.