ಹೊಲಿಗೆ ಯಂತ್ರ ಸಿಂಗರ್ ಕಂಡುಹಿಡಿದದ್ದೇ?

ಸಿಂಗರ್ ಹೆಸರು ನಮಗೆಲ್ಲ ಗೊತ್ತು, ಎಲಿಯಾಸ್ ಹೋವ್ ಹೆಸರು ಅಷ್ಟಾಗಿ ಗೊತ್ತಿಲ್ಲ. 1819ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಹೋವ್ ತಮ್ಮ ಯಂತ್ರದಲ್ಲಿ ಸೂಜಿಯ ಕಣ್ಣನ್ನು ಮೊನೆಯ ಬಳಿ ಇಟ್ಟರು. ಮೇಲಿನ ದಾರದ ಕುಣಿಕೆಯೊಳಗೆ ಕೆಳಗಿನ ದಾರ ಹಾಯುವ ಆ ಹೊಲಿಗೆಗೆ 1846ರಲ್ಲಿ ಪೇಟೆಂಟ್ ಸಿಕ್ಕಿತು, ಗಿರಾಕಿಗಳು ಸಿಗಲಿಲ್ಲ. ಇಂಗ್ಲೆಂಡಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಅಷ್ಟರಲ್ಲಿ ಬೇರೆಯವರು ಅದೇ ಹೊಲಿಗೆಯ ಯಂತ್ರ ಮಾರತೊಡಗಿದ್ದರು. ಸ್ವಲ್ಪದರಲ್ಲೇ ಐಸಾಕ್ ಸಿಂಗರ್ ಕೂಡ. ಹೋವ್ ಕೋರ್ಟಿಗೆ ಹೋಗಿ 1854ರಲ್ಲಿ ಗೆದ್ದರು, ರಾಯಧನದಿಂದ ಶ್ರೀಮಂತರಾದರು. ಪೇಟೆಂಟ್ ಅವಧಿ ಮುಗಿದ 1867ರಲ್ಲೇ ತೀರಿಕೊಂಡರು.

ನಮ್ಮ ಮನೆಯ ಮಷಿನ್ ಹಾಕುವುದೂ ಅದೇ ಹೊಲಿಗೆ. ಬಟ್ಟೆಯಡಿ ದಾರ ಗಂಟುಕಟ್ಟಿದರೆ ನಾವು ಬಾಬಿನ್ನನ್ನು ಬೈಯುತ್ತೇವೆ. ಸಡಿಲಾಗಿರುವುದು ಸಾಮಾನ್ಯವಾಗಿ ಮೇಲಿನ ದಾರ. ಬಟ್ಟೆ ಒತ್ತುವ ಪಾದವನ್ನು ಎತ್ತಿದರೆ ಬಿಗಿತದ ಬಿಲ್ಲೆಗಳು ತೆರೆದುಕೊಳ್ಳುತ್ತವೆ. ಆಗ ದಾರವನ್ನು ಮತ್ತೆ ಪೋಣಿಸಿ ನೋಡಿ.