ಬ್ರಾಂಚ್ ರಿಕಿ: ನಾಳೆಯ ಆಟಗಾರನಿಗೆ ಕಟ್ಟಿದ ಬೆಲೆ

1907ರ ಜೂನ್ 28ರಂದು ಅಮೆರಿಕದ ಬೇಸ್‌ಬಾಲ್ ತಂಡಗಳಲ್ಲೊಂದಾದ ನ್ಯೂಯಾರ್ಕ್ ಹೈಲ್ಯಾಂಡರ್ಸ್ ವಾಷಿಂಗ್ಟನ್ ತಂಡದೆದುರು ಆಡಿತು. ಅಂದು ನ್ಯೂಯಾರ್ಕಿನ ಕ್ಯಾಚರ್ ಆಗಿದ್ದವರು 25 ವರ್ಷದ ಬ್ರಾಂಚ್ ರಿಕಿ. ಕ್ಯಾಚರನ ಕೆಲಸ ಕ್ರಿಕೆಟ್ಟಿನ ವಿಕೆಟ್ ಕೀಪರನ ಕೆಲಸವನ್ನು ಹೋಲುತ್ತದೆ. ಅವನು ಬ್ಯಾಟುಗಾರನ ಹಿಂದೆ ಕುಳಿತು ಚೆಂಡು ಹಿಡಿಯುತ್ತಾನೆ. ಎದುರಾಳಿಯ ಓಟಗಾರನು ಕಣ್ತಪ್ಪಿಸಿ ಮುಂದಿನ ಬೇಸಿಗೆ ಓಡಲು ಯತ್ನಿಸಿದರೆ ಚೆಂಡನ್ನು ಎಸೆದು ತಡೆಯುವ ಹೊಣೆಯೂ ಅವನದೇ. ಇದನ್ನು ಆ ಆಟದ ಭಾಷೆಯಲ್ಲಿ ಬೇಸು ಕದಿಯುವುದು ಎನ್ನುತ್ತಾರೆ. ರಿಕಿ ಅವರ ತೋಳು ಆಗ ನೋವಿನಿಂದ ಸೋತಿತ್ತು. ವಾಷಿಂಗ್ಟನ್ನಿನವರು ಅದನ್ನು ಅರಿತು ಒಂದೇ ಪಂದ್ಯದಲ್ಲಿ 13 ಬಾರಿ ಬೇಸು ಕದ್ದರು.

ಹಿರಿಯ ಲೀಗಿನಲ್ಲಿ ರಿಕಿ ಅವರ ಆಟ ಹೆಚ್ಚು ಕಾಲ ನಡೆಯಲಿಲ್ಲ. ಅವರ ಬ್ಯಾಟಿಂಗ್ ಸರಾಸರಿ 0.239, ಎಂದರೆ ಸಾವಿರ ಯತ್ನಗಳಲ್ಲಿ 239 ಮಾತ್ರ ಸಫಲ. ಹೀಗೆ ಸೋತು ಹಿಂದಿರುಗಿದ ಆಟಗಾರನೇ ಮುಂದೆ ಇತರರ ಆಟವನ್ನು ತೂಗಿ ನೋಡುವುದರಲ್ಲಿ ಆ ದೇಶದಲ್ಲಿ ಸಾಟಿಯಿಲ್ಲದವರೆನಿಸಿಕೊಂಡರು. ಹೆಸರು ಮಾಡಿದ ಆಟಗಾರನನ್ನು ಉಳಿಸಿಕೊಳ್ಳಬೇಕೆ, ಇನ್ನೂ ಏನನ್ನೂ ಸಾಧಿಸಿ ತೋರಿಸದ ಹುಡುಗನಿಗೆ ಅವನ ಸ್ಥಾನವನ್ನು ಕೊಡಬೇಕೆ ಎಂಬ ಪ್ರಶ್ನೆ ತಂಡ ಕಟ್ಟುವ ಪ್ರತಿಯೊಬ್ಬರನ್ನೂ ಕಾಡುತ್ತದೆ. ರಿಕಿ ಅದಕ್ಕೆ ಐವತ್ತು ವರ್ಷ ಒಂದೇ ಬಗೆಯ ಉತ್ತರ ಕೊಟ್ಟರು. ಆ ಉತ್ತರದಿಂದ ಅವರಿಗೆ ಕೀರ್ತಿ ಬಂದಿತು, ಹಣ ಬಂದಿತು, ನಿಷ್ಠುರವೂ ಬಂದಿತು.

ಅವರು ಜನಿಸಿದ್ದು 1881ರ ಡಿಸೆಂಬರ್ 20ರಂದು, ಒಹಾಯೊ ರಾಜ್ಯದ ದಕ್ಷಿಣ ಭಾಗದ ಒಂದು ರೈತ ಕುಟುಂಬದಲ್ಲಿ. ಮನೆಯವರು ಮೆಥಡಿಸ್ಟ್ ಪಂಥದ ಶ್ರದ್ಧಾವಂತರು. ಭಾನುವಾರ ಆಡುವುದಿಲ್ಲವೆಂಬ ನಿಯಮವನ್ನು ರಿಕಿ ವೃತ್ತಿಪರ ಆಟಗಾರರಾದ ಮೇಲೂ ಬಿಡಲಿಲ್ಲ. ಎಳೆಯ ವಯಸ್ಸಿನಲ್ಲೇ ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳಿ, ಬಳಿಕ ಒಹಾಯೊ ವೆಸ್ಲಿಯನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿಯೇ ಬೇಸ್‌ಬಾಲ್ ತಂಡದ ತರಬೇತುದಾರರೂ ಆದರು. ಆ ತಂಡದಲ್ಲಿ ಚಾರ್ಲ್ಸ್ ಥಾಮಸ್ ಎಂಬ ಕಪ್ಪುವರ್ಣದ ವಿದ್ಯಾರ್ಥಿಯಿದ್ದನು. ಸೌತ್ ಬೆಂಡ್ ಪಟ್ಟಣದ ಹೋಟೆಲೊಂದು ಅವನಿಗೆ ಕೋಣೆ ಕೊಡಲು ನಿರಾಕರಿಸಿದಾಗ ರಿಕಿ ವಾದಿಸಿ ತಮ್ಮ ಕೋಣೆಯಲ್ಲಿಯೇ ಅವನಿಗೊಂದು ಮಂಚ ಹಾಕಿಸಿದರು. ಆ ರಾತ್ರಿ ಥಾಮಸ್ ತನ್ನ ಕೈಗಳ ಬಣ್ಣವನ್ನು ಅಳಿಸಿಹಾಕುವಂತೆ ತಿಕ್ಕಿಕೊಳ್ಳುತ್ತಾ ಅತ್ತ ಸಂಗತಿಯನ್ನು ರಿಕಿ ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು.

ಆಟ ನಿಂತ ಮೇಲೆ ಕ್ಷಯರೋಗ ಬಂದಿತು. ಚೇತರಿಸಿಕೊಂಡು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1911ರಲ್ಲಿ ಪದವಿ ಪಡೆದರು. ವಕೀಲಿಕೆ ಕೈಹತ್ತಲಿಲ್ಲ. ಆದರೆ ಮಿಷಿಗನ್ನಿನ ತಂಡಕ್ಕೆ ತರಬೇತಿ ನೀಡುತ್ತಿದ್ದಾಗ ಜಾರ್ಜ್ ಸಿಸ್ಲರ್ ಎಂಬ ವಿದ್ಯಾರ್ಥಿ ಅವರ ಕಣ್ಣಿಗೆ ಬಿದ್ದಿದ್ದನು. 1913ರಲ್ಲಿ ರಿಕಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡಕ್ಕೆ ಹೋದರು. ಎರಡು ವರ್ಷಗಳ ನಂತರ ಸಿಸ್ಲರನೂ ಅಲ್ಲಿಗೆ ಬಂದನು. ಕಾಲೇಜಿನಲ್ಲಿ ಅವನು ಚೆಂಡೆಸೆಯುವ ಪಿಚರ್. ಅವನ ಬ್ಯಾಟು ದಿನವೂ ಬೇಕಾದುದೆಂದು ಕಂಡು ಅವನನ್ನು ಮೊದಲನೆಯ ಬೇಸಿನ ಕಾವಲಿಗೆ ನಿಲ್ಲಿಸಲಾಯಿತು. 1922ರಲ್ಲಿ ಸಿಸ್ಲರನ ಸರಾಸರಿ 0.420 ತಲುಪಿತು. ಅಷ್ಟರಲ್ಲಿ ರಿಕಿ ಅದೇ ಊರಿನ ಮತ್ತೊಂದು ತಂಡವಾದ ಕಾರ್ಡಿನಲ್ಸ್‌ನಲ್ಲಿದ್ದರು.

1917ರಲ್ಲಿ ಅವರು ಕೈಗೆತ್ತಿಕೊಂಡ ಕಾರ್ಡಿನಲ್ಸ್ ಸಾಲದಲ್ಲಿ ಮುಳುಗಿದ ತಂಡ. ಹಿಂದಿನ ವರ್ಷದ ಉಡುಪನ್ನೇ ಹೊಲಿದು ತೇಪೆ ಹಾಕಿ ತೊಡುತ್ತಿದ್ದರು. ಅಂದಿನ ವ್ಯವಸ್ಥೆಯಲ್ಲಿ ಎಳೆಯ ಆಟಗಾರರು ಸಣ್ಣ ಪಟ್ಟಣಗಳ ಸ್ವತಂತ್ರ ತಂಡಗಳಲ್ಲಿ ಆಡುತ್ತಿದ್ದರು. ಹಿರಿಯ ಲೀಗಿನ ತಂಡಗಳು ಅವರನ್ನು ಬೆಲೆ ಕೊಟ್ಟು ಕೊಳ್ಳುತ್ತಿದ್ದವು. ರಿಕಿ ಒಬ್ಬ ಹುಡುಗನನ್ನು ಮೆಚ್ಚಿದ್ದಾರೆಂಬ ಸುದ್ದಿ ಹಬ್ಬಿದರೆ ಸಾಕು, ಹಣವುಳ್ಳ ತಂಡವೊಂದು ಹೆಚ್ಚು ಬೆಲೆ ಕೂಗಿ ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ರಿಕಿ ಅವರ ಕಣ್ಣು, ಇತರರ ಲಾಭ.

ಕೊಳ್ಳಲು ಹಣವಿಲ್ಲದವನು ಬೆಳೆದುಕೊಳ್ಳಬೇಕಷ್ಟೆ. ರಿಕಿ ಹೂಸ್ಟನ್, ಫೋರ್ಟ್ ಸ್ಮಿತ್, ಸಿರಾಕ್ಯೂಸ್ ಪಟ್ಟಣಗಳ ತಂಡಗಳಲ್ಲಿ ಪಾಲು ಕೊಂಡರು. ಮಾಲೀಕರಾದ ಸ್ಯಾಮ್ ಬ್ರೆಡನ್ ಅದಕ್ಕೆ ಒತ್ತಾಸೆಯಾದರು. ಹುಡುಗರನ್ನು ಬಯಲುಗಳಲ್ಲಿ ಸಾಮೂಹಿಕವಾಗಿ ಪರೀಕ್ಷಿಸಿ ಅಗ್ಗದ ಸಂಬಳಕ್ಕೆ ಸಹಿ ಹಾಕಿಸುವುದು, ಕೆಳಗಿನ ದರ್ಜೆಯಲ್ಲಿ ಆಡಿಸುವುದು, ತೇರ್ಗಡೆಯಾದವರನ್ನು ಮೇಲಿನ ದರ್ಜೆಗೆ ಕಳುಹಿಸುವುದು, ಕೊನೆಗೆ ಆಯ್ದ ಕೆಲವರನ್ನು ಸೇಂಟ್ ಲೂಯಿಸಿಗೆ ಕರೆಸುವುದು, ಇದು ಪದ್ಧತಿ. ಸಸಿಮಡಿಯಲ್ಲಿ ದಟ್ಟವಾಗಿ ಬಿತ್ತಿ, ಗಟ್ಟಿಯಾದ ಸಸಿಗಳನ್ನು ಮಾತ್ರ ಕಿತ್ತು ನೆಡುವ ರೈತನ ಕ್ರಮವೇ ಇದು. ಅದಕ್ಕೆ ಫಾರ್ಮ್ ಪದ್ಧತಿಯೆಂಬ ಹೆಸರು ಬಂದುದೂ ಸಹಜ. 1940ರ ಹೊತ್ತಿಗೆ ಸುಮಾರು 30 ತಂಡಗಳೂ 600ಕ್ಕೂ ಹೆಚ್ಚು ಆಟಗಾರರೂ ಕಾರ್ಡಿನಲ್ಸ್ ಹಿಡಿತದಲ್ಲಿದ್ದರು. ಮೈದಾನದಲ್ಲಿ ತಂಡವನ್ನು ನಡೆಸುವ ಕೆಲಸದಲ್ಲಿ ಮಾತ್ರ ರಿಕಿ ಗೆಲ್ಲಲಿಲ್ಲ. 1925ರಲ್ಲಿ ಬ್ರೆಡನ್ ಅವರನ್ನು ಅಲ್ಲಿಂದ ಸರಿಸಿ ರೋಜರ್ಸ್ ಹಾರ್ನ್ಸ್‌ಬಿಗೆ ಆ ಪಟ್ಟ ಕಟ್ಟಿದರು. ಮರುವರ್ಷವೇ, ರಿಕಿ ಬೆಳೆಸಿದ ಹುಡುಗರನ್ನಿಟ್ಟುಕೊಂಡು ಹಾರ್ನ್ಸ್‌ಬಿ ವಿಶ್ವ ಸರಣಿಯನ್ನು ಗೆದ್ದರು.

ಹುಡುಗರನ್ನು ನೋಡುವಾಗ ರಿಕಿ ಅಂಕಿಗಳಿಗೆ ಮೊದಲ ಮಣೆ ಹಾಕುತ್ತಿರಲಿಲ್ಲ. ಕೆಳದರ್ಜೆಯ ಪಿಚರುಗಳೆದುರು ಯಾರು ಬೇಕಾದರೂ ಬಾರಿಸಬಹುದು. ಅವರು ನೋಡುತ್ತಿದ್ದುದು ಓಟದ ವೇಗ, ತೋಳಿನ ಕಸುವು, ಹೊಡೆತದ ಬಲ. ಕಲಿಸಿ ಬರಿಸಬಹುದಾದ ಗುಣಗಳು ಬೇರೆ, ಹುಟ್ಟಿನಿಂದ ಬಂದಿರಲೇಬೇಕಾದವು ಬೇರೆ. ಎರಡನೆಯವನ್ನು ಮೊದಲು ಪತ್ತೆಹಚ್ಚಬೇಕು ಎಂಬುದು ಅವರ ವಿಚಾರ. ಹೆಸರಾಂತ ಆಟಗಾರನನ್ನು ಅವರು ಇದಕ್ಕೆ ತಿರುಗುಮುರುಗಾಗಿ ನೋಡುತ್ತಿದ್ದರು. ಅವನು ಮಾಡಿಟ್ಟ ದಾಖಲೆ ಮುಗಿದ ಸಂಗತಿ. ಬೆಲೆ ಕಟ್ಟಬೇಕಾದುದು ಇನ್ನು ಮುಂದೆ ಅವನು ಆಡಬಹುದಾದ ಆಟಕ್ಕೆ. ಆದ್ದರಿಂದ ಅವನನ್ನು ಒಂದು ವರ್ಷ ತಡವಾಗಿ ಬಿಡುವುದಕ್ಕಿಂತ ಒಂದು ವರ್ಷ ಮೊದಲೇ ಬಿಡುವುದು ಲೇಸು. ಕೊಳ್ಳುವವರು ನಿನ್ನೆಯ ದಾಖಲೆಗೆ ಹಣ ಕೊಡುತ್ತಾರೆ. ಆ ಸ್ಥಾನಕ್ಕೆ ಸಸಿಮಡಿಯಲ್ಲಿ ಒಬ್ಬನು ಕಾದಿರುತ್ತಾನೆ.

ಈ ಲೆಕ್ಕಾಚಾರ ಹಲವು ಸಲ ಬೆರಗಾಗುವಷ್ಟು ಸರಿಹೋಯಿತು. 1931ರಲ್ಲಿ ಲೀಗಿನ ಅತ್ಯುನ್ನತ ಸರಾಸರಿ ಗಳಿಸಿದ ಚಿಕ್ ಹೇಫಿಯನ್ನು ಮರುವರ್ಷ ಬಿಟ್ಟುಕೊಟ್ಟರು. ಅದೇ ವರ್ಷದ ಕೊನೆಗೆ ಜೋ ಮೆಡ್ವಿಕ್ ಬಂದನು. ಜಿಮ್ ಬಾಟಮ್ಲಿಯನ್ನು ಕಳುಹಿಸಿದಾಗ, ಅವರಿಂದಾಗಿ ಕೆಳದರ್ಜೆಯಲ್ಲಿ ವರ್ಷಗಟ್ಟಲೆ ಕಾದಿದ್ದ ರಿಪ್ಪರ್ ಕಾಲಿನ್ಸ್‌ಗೆ ಜಾಗ ತೆರವಾಯಿತು. ಕಾಲಿನ್ಸ್ 1934ರಲ್ಲಿ 35 ಹೋಮ್ ರನ್ ಹೊಡೆದನು. ಅದೇ 1934ರಲ್ಲಿ 30 ಪಂದ್ಯ ಗೆದ್ದುಕೊಟ್ಟಿದ್ದ ಪಿಚರ್ ಡಿಜಿ ಡೀನ್‌ರನ್ನು, ಅವರ ತೋಳು ಕೆಟ್ಟ ಬಳಿಕ, 1938ರ ಏಪ್ರಿಲಿನಲ್ಲಿ ಷಿಕಾಗೊ ಕಬ್ಸ್ ತಂಡಕ್ಕೆ 1,85,000 ಡಾಲರು ಹಾಗೂ ಮೂವರು ಆಟಗಾರರಿಗೆ ಬದಲಾಗಿ ಕೊಟ್ಟರು. ಡೀನ್ ಆ ವರ್ಷ 7 ಗೆದ್ದು 1 ಸೋತರು. ಕಬ್ಸ್ ಲೀಗಿನ ಚಾಂಪಿಯನ್ ಆಯಿತು. ರಿಕಿ ಎಡವಿದರೆಂದು ಜನ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ನಂತರ ಡೀನ್ ಜೀವಮಾನವಿಡೀ ಗೆದ್ದುದು ಒಂಬತ್ತೇ ಪಂದ್ಯ. ಮೆಡ್ವಿಕ್‌ರನ್ನೂ 1940ರಲ್ಲಿ ಬ್ರೂಕ್ಲಿನ್‌ಗೆ ಮಾರಿದರು. ಆರೇ ದಿನಗಳಲ್ಲಿ ಹಳೆಯ ಸಹ ಆಟಗಾರನ ಎಸೆತವೊಂದು ಮೆಡ್ವಿಕ್ ತಲೆಗೆ ಬಡಿಯಿತು, ಆಟ ಮೊದಲಿನಂತೆ ಆಗಲಿಲ್ಲ. ಇದನ್ನು ದೂರದೃಷ್ಟಿ ಎನ್ನಲಾಗದು. ಅದೃಷ್ಟವೂ ರಿಕಿ ಅವರ ಖಾತೆಗೆ ಜಮೆಯಾಗುತ್ತಿತ್ತು.

ತಪ್ಪಿದ ಲೆಕ್ಕಗಳೂ ಇವೆ. 1941ರ ಕೊನೆಯಲ್ಲಿ ಬಿಟ್ಟುಕೊಟ್ಟ ಜಾನಿ ಮೈಜ್, ನೌಕಾಪಡೆಯ ಸೇವೆ ಮುಗಿಸಿ ಬಂದು 1947ರಲ್ಲಿ 51 ಹೋಮ್ ರನ್ ಬಾರಿಸಿದರು. ಸೇಂಟ್ ಲೂಯಿಸಿನದೇ ಇಬ್ಬರು ಕ್ಯಾಚರ್ ಹುಡುಗರಲ್ಲಿ ಜೋ ಗ್ಯಾರಜಿಯೋಲನಿಗೆ 500 ಡಾಲರು ಕೊಟ್ಟ ತಂಡ ಅವನ ಗೆಳೆಯನಿಗೆ ಅಷ್ಟನ್ನು ಕೊಡಲು ಒಪ್ಪಲಿಲ್ಲ. ಆ ಗೆಳೆಯ ಯೋಗಿ ಬೆರಾ. ಅವನು ನ್ಯೂಯಾರ್ಕ್ ಯಾಂಕೀಸ್ ಸೇರಿ ಹತ್ತು ವಿಶ್ವ ಸರಣಿಗಳನ್ನು ಗೆದ್ದನು. ಇನ್ನು ಸ್ಟ್ಯಾನ್ ಮ್ಯೂಸಿಯಲ್‌ನನ್ನು 1938ರಲ್ಲಿ ಆಯ್ದುಕೊಂಡದ್ದು ಪಿಚರ್ ಎಂದು. 1940ರಲ್ಲಿ ಕೆಳದರ್ಜೆಯ ಪಂದ್ಯವೊಂದರಲ್ಲಿ ಅವನ ಭುಜಕ್ಕೆ ಪೆಟ್ಟಾಗದಿದ್ದರೆ ಆ ಯುಗದ ಶ್ರೇಷ್ಠ ಬ್ಯಾಟುಗಾರರಲ್ಲಿ ಒಬ್ಬನನ್ನು ಯಾರೂ ಗುರುತಿಸುತ್ತಲೇ ಇರಲಿಲ್ಲವೇನೋ. ಸಸಿಮಡಿ ದೊಡ್ಡದಾಗಿದ್ದುದರಿಂದ ಇಂಥ ಕಣ್ತಪ್ಪುಗಳು ತುಂಬಿಹೋಗುತ್ತಿದ್ದವು. 1942ರಲ್ಲಿ ಯಾಂಕೀಸ್ ತಂಡವನ್ನು ಸೋಲಿಸಿ ವಿಶ್ವ ಸರಣಿ ಗೆದ್ದ ಕಾರ್ಡಿನಲ್ಸ್‌ನಲ್ಲಿ ಬಹುತೇಕ ಎಲ್ಲರೂ ಅಲ್ಲಿಯೇ ಬೆಳೆದವರು.

ಆದರೆ ಸಸಿಗಳಿಗೆ ಮಾತು ಬಾರದು, ಹುಡುಗರಿಗೆ ಬರುತ್ತದೆ. ಒಮ್ಮೆ ಸಹಿ ಹಾಕಿದವನ ಮೇಲೆ ತಂಡಕ್ಕೇ ಹಕ್ಕು. ಬೇರೆಡೆಗೆ ಹೋಗುವ ಸ್ವಾತಂತ್ರ್ಯ ಅವನಿಗಿಲ್ಲ. ಮೇಲೆ ಸ್ಥಾನ ಖಾಲಿಯಾಗುವವರೆಗೆ ಅವನು ಕಡಿಮೆ ಸಂಬಳದಲ್ಲಿ ವರ್ಷ ಕಳೆಯಬೇಕು. ನೂರಾರು ಮಂದಿ ಹಾಗೆಯೇ ಕಾದು ಮುದುಡಿದರು. ಮಾರಾಟದ ಲಾಭದಲ್ಲಿ ರಿಕಿ ಅವರಿಗೆ ಪಾಲಿತ್ತು ಎಂಬುದನ್ನೂ ಮರೆಯಬಾರದು; ಹೆಸರಾಂತ ಆಟಗಾರನನ್ನು ಬೇಗನೆ ಬಿಡಬೇಕೆಂಬ ಸಿದ್ಧಾಂತ ಅವರ ಜೇಬಿಗೂ ಹಿತವಾಗಿತ್ತು. 1938ರಲ್ಲಿ ಬೇಸ್‌ಬಾಲ್ ಆಯುಕ್ತ ಕೆನೆಸಾ ಮೌಂಟನ್ ಲ್ಯಾಂಡಿಸ್ ನಿಯಮಭಂಗದ ಕಾರಣದಿಂದ ಕಾರ್ಡಿನಲ್ಸ್‌ನ ಎಪ್ಪತ್ತಕ್ಕೂ ಹೆಚ್ಚು ಎಳೆಯ ಆಟಗಾರರನ್ನು ಬಿಡುಗಡೆ ಮಾಡಿದರು. ಅವರಲ್ಲೊಬ್ಬನಾದ ಪೀಟ್ ರೈಸರ್ 1941ರಲ್ಲಿ, 22ನೆಯ ವಯಸ್ಸಿನಲ್ಲಿ, ಬ್ರೂಕ್ಲಿನ್ ಪರ ಆಡಿ ಲೀಗಿನ ಅತ್ಯುನ್ನತ ಸರಾಸರಿ ಗಳಿಸಿದನು.

1942ರ ಕೊನೆಗೆ ರಿಕಿ ಬ್ರೂಕ್ಲಿನ್ ಡಾಜರ್ಸ್ ತಂಡದ ಆಡಳಿತಕ್ಕೆ ಬಂದರು. ಯುದ್ಧದ ಕಾಲ. ಹುಡುಗರೆಲ್ಲ ಸೈನ್ಯಕ್ಕೆ ಹೋಗುವವರೇ ಎಂದು ಬೇರೆ ತಂಡಗಳು ಹುಡುಕಾಟವನ್ನು ತಗ್ಗಿಸಿದ್ದವು. ಯುದ್ಧ ಎಂದಾದರೂ ಮುಗಿಯುತ್ತದೆ, ಹಿಂದಿರುಗಿದವರು ಆಡುತ್ತಾರೆ ಎಂದು ರಿಕಿ ಪ್ರೌಢಶಾಲೆಗಳ ತರಬೇತುದಾರರಿಗೆ ಪತ್ರ ಬರೆಸಿ ಹುಡುಗರನ್ನು ಕಲೆಹಾಕಿದರು. ಡ್ಯೂಕ್ ಸ್ನೈಡರ್, ಗಿಲ್ ಹಾಜಸ್ ಬಂದುದು ಆ ವರ್ಷಗಳಲ್ಲೇ. ಅಲ್ಲಿನ ಪತ್ರಕರ್ತರು ಅವರಿಗೆ ಇಟ್ಟ ಹೆಸರು ಮಹಾತ್ಮ. ಗಾಂಧೀಜಿಯವರಲ್ಲಿ ದೈವತ್ವ, ಪಿತೃತ್ವ, ರಾಜಕೀಯ ಚಾತುರ್ಯ ಮೂರೂ ಬೆರೆತಿವೆಯೆಂದು ಲೇಖಕ ಜಾನ್ ಗುಂಥರ್ ಬರೆದುದನ್ನು ಓದಿದ್ದ ಕ್ರೀಡಾ ಬರಹಗಾರರೊಬ್ಬರು ಅದನ್ನು ರಿಕಿ ಅವರಿಗೆ ಅಂಟಿಸಿದರು. ಭಾರತದ ಓದುಗರಿಗೆ ಈ ಹೋಲಿಕೆ ಸಲೀಸಾಗಿ ಗಂಟಲಿನಲ್ಲಿ ಇಳಿಯದು. ಅಲ್ಲಿಯೂ ಅದನ್ನು ಹೇಳಿದ್ದು ಅರ್ಧ ಕುಹಕದಿಂದಲೇ.

ಆಗ ಕಪ್ಪುವರ್ಣದವರಿಗೆ ಹಿರಿಯ ಲೀಗುಗಳ ಬಾಗಿಲು ಮುಚ್ಚಿತ್ತು. ಅವರದೇ ನೀಗ್ರೋ ಲೀಗುಗಳಲ್ಲಿ ಸ್ಯಾಚೆಲ್ ಪೇಜ್, ಜಾಷ್ ಗಿಬ್ಸನ್ ಮೊದಲಾದ ಮಹಾನ್ ಆಟಗಾರರು ವರ್ಷಗಳಿಂದ ಸಾಮರ್ಥ್ಯವನ್ನು ಸ್ಥಾಪಿಸಿದ್ದರು. ಬಾಗಿಲು ತೆರೆಯಲು ನಿಶ್ಚಯಿಸಿದ ರಿಕಿ ಆರಿಸಿದ್ದು ಅವರನ್ನಲ್ಲ. 1945ರ ಆಗಸ್ಟ್ 28ರಂದು ಅವರು ಕರೆಸಿಕೊಂಡದ್ದು ಜಾಕಿ ರಾಬಿನ್ಸನ್ ಎಂಬ 26 ವರ್ಷದ ಮಾಜಿ ಸೇನಾಧಿಕಾರಿಯನ್ನು. ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಒಂದೇ ಋತು ಆಡುತ್ತಿದ್ದವನನ್ನು. ಇಲ್ಲಿ ಓಟ ಮತ್ತು ತೋಳನ್ನು ಮಾತ್ರ ಅಳೆದರೆ ಸಾಲದಾಗಿತ್ತು. ಪ್ರೇಕ್ಷಕರ ಬೈಗುಳ, ಹೋಟೆಲಿನವರ ಅವಮಾನ, ಎದುರಾಳಿಯ ಬೂಟಿನ ಮೊಳೆ, ಎಲ್ಲವನ್ನೂ ರಿಕಿ ತಮ್ಮ ಕಚೇರಿಯಲ್ಲಿ ತಾವೇ ನಟಿಸಿ ತೋರಿಸಿ, ತಿರುಗಿ ಹೊಡೆಯದೆ ಇರಬಲ್ಲೆಯಾ ಎಂದು ಕೇಳಿದರು. ಸೈನ್ಯದ ಬಸ್ಸಿನಲ್ಲಿ ಹಿಂದಿನ ಸಾಲಿಗೆ ಹೋಗಲು ಒಪ್ಪದೆ ವಿಚಾರಣೆ ಎದುರಿಸಿ ನಿರ್ದೋಷಿಯಾಗಿ ಹೊರಬಂದಿದ್ದ ಸ್ವಾಭಿಮಾನಿಯನ್ನು ಹೀಗೆ ಕೇಳುವುದು ಸಣ್ಣ ಮಾತಲ್ಲ. ರಾಬಿನ್ಸನ್ ಒಪ್ಪಿದರು. 1946ರಲ್ಲಿ ಮಾಂಟ್ರಿಯಲ್‌ನಲ್ಲಿ 0.349 ಸರಾಸರಿ ಗಳಿಸಿ, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಪರವಾಗಿ ಮೈದಾನಕ್ಕೆ ಇಳಿದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಎಂಬ ಪ್ರಶಸ್ತಿ ಪಡೆದರು. ಮೊನಾರ್ಕ್ಸ್ ತಂಡಕ್ಕೆ ರಿಕಿ ಒಂದು ಡಾಲರನ್ನೂ ಕೊಡಲಿಲ್ಲ. ಗಿಬ್ಸನ್ 1947ರ ಜನವರಿಯಲ್ಲೇ, ರಾಬಿನ್ಸನ್ ಆಡುವುದಕ್ಕೆ ಮೂರು ತಿಂಗಳು ಮೊದಲು, ತೀರಿಕೊಂಡಿದ್ದರು.

ರಾಬಿನ್ಸನ್ ಜೊತೆ ಆಡಲು ವಿರೋಧಿಸಿದ್ದವರಲ್ಲಿ ಬ್ರೂಕ್ಲಿನ್ ಜನರ ಕಣ್ಮಣಿಯಾಗಿದ್ದ ಡಿಕ್ಸಿ ವಾಕರ್ ಒಬ್ಬರು. 1947ರಲ್ಲಿ ಅವರ ಸರಾಸರಿ 0.306, ವಯಸ್ಸು 37. ಋತು ಮುಗಿದೊಡನೆ ರಿಕಿ ಅವರನ್ನು ಪಿಟ್ಸ್‌ಬರ್ಗ್‌ಗೆ ಕಳುಹಿಸಿದರು. ಬದಲಿಗೆ ಬಂದ ಪ್ರೀಚರ್ ರೋ 1951ರಲ್ಲಿ 22 ಗೆದ್ದು 3 ಮಾತ್ರ ಸೋತರು. ಎರಡನೆಯ ಬೇಸಿನ ಎಡ್ಡಿ ಸ್ಟ್ಯಾಂಕಿಯನ್ನೂ 1948ರಲ್ಲಿ ಬಾಸ್ಟನ್‌ಗೆ ಬಿಟ್ಟು ಆ ಸ್ಥಾನವನ್ನು ರಾಬಿನ್ಸನ್‌ಗೆ ಕೊಟ್ಟರು. ಆ ವರ್ಷ ಲೀಗು ಗೆದ್ದದ್ದು ಬಾಸ್ಟನ್, ಮರುವರ್ಷ ಬ್ರೂಕ್ಲಿನ್. ಈ ಕಾಲಕ್ಕೆ ರಿಕಿ ಬಳಿ ಅಲನ್ ರಾತ್ ಎಂಬ ಅಂಕಿಅಂಶ ತಜ್ಞರಿದ್ದರು. ಪ್ರತಿ ಎಸೆತವನ್ನೂ ದಾಖಲಿಸುತ್ತಿದ್ದ ಅವರ ಲೆಕ್ಕದಲ್ಲಿ, ಬ್ಯಾಟುಗಾರನು ಹೇಗಾದರೂ ಸರಿ ಎಷ್ಟು ಸಲ ಬೇಸು ತಲುಪುತ್ತಾನೆ ಎಂಬುದಕ್ಕೆ ಸರಾಸರಿಗಿಂತ ಹೆಚ್ಚಿನ ಬೆಲೆಯಿತ್ತು. ಇಂದು ಎಲ್ಲ ತಂಡಗಳೂ ಮಾಡುವ ಈ ಲೆಕ್ಕವನ್ನು ಅಂದು ಮಾಡಿಸಿದವರು ವಿರಳ.

ಪಾಲುದಾರ ವಾಲ್ಟರ್ ಓಮ್ಯಾಲಿ ಜೊತೆಗಿನ ಜಗಳದಿಂದ 1950ರಲ್ಲಿ ಬ್ರೂಕ್ಲಿನ್ ಬಿಟ್ಟು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದಾಗ ರಿಕಿ ಅವರಿಗೆ 69ರ ಸಮೀಪ. ಅಲ್ಲಿ ಸಸಿಮಡಿ ಸಿದ್ಧವಾಗಿರಲಿಲ್ಲ. ಎಳೆಯರನ್ನು ನೇರವಾಗಿ ಗದ್ದೆಗೆ ಇಳಿಸಿದರು. 1952ರಲ್ಲಿ ತಂಡ 42 ಗೆದ್ದು 112 ಸೋತಿತು. ಏಳು ವರ್ಷ ಸತತವಾಗಿ ಲೀಗಿನ ಹೋಮ್ ರನ್ ಪಟ್ಟಿಯ ತುದಿಯಲ್ಲಿದ್ದ ರಾಲ್ಫ್ ಕೈನರ್ ಸಂಬಳ ಕಡಿತಗೊಂಡಿತು. 1953ರಲ್ಲಿ ಅವರನ್ನು ಮಾರಲಾಯಿತು. ಅವರನ್ನು ನೋಡಲೆಂದೇ ಮೈದಾನಕ್ಕೆ ಬರುತ್ತಿದ್ದ ಊರಿಗೆ ಇದು ಸಹಿಸಲಾಗದ ಸಂಗತಿ. 1955ರಲ್ಲಿ ರಿಕಿ ಹುದ್ದೆ ಬಿಟ್ಟಾಗ ತಂಡ ಕೊನೆಯ ಸ್ಥಾನದಲ್ಲೇ ಇತ್ತು. ಆದರೆ ಡಿಕ್ ಗ್ರೋಟ್, ಬಿಲ್ ಮಜರಾಸ್ಕಿ ಅಷ್ಟರಲ್ಲಿ ಸಹಿ ಹಾಕಿದ್ದರು. ಬ್ರೂಕ್ಲಿನ್ನಿನ ಕೆಳತಂಡದಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕುಳಿತಿದ್ದ ರಾಬರ್ಟೊ ಕ್ಲೆಮೆಂಟೆ ಎಂಬ 20 ವರ್ಷದ ಪೋರ್ಟೊರಿಕೊ ಹುಡುಗನನ್ನು 1954ರ ನವೆಂಬರಿನಲ್ಲಿ 4,000 ಡಾಲರಿಗೆ ತಂದಿದ್ದರು. 1960ರಲ್ಲಿ ಈ ಮೂವರಿದ್ದ ಪೈರೇಟ್ಸ್ ಯಾಂಕೀಸ್ ತಂಡವನ್ನು ಸೋಲಿಸಿತು. ಏಳನೆಯ ಪಂದ್ಯದ ಕೊನೆಯ ಹೊಡೆತ ಮಜರಾಸ್ಕಿಯದು.

1962ರಲ್ಲಿ ಕಾರ್ಡಿನಲ್ಸ್ ತಮ್ಮ ಹಳೆಯ ಗುರುವನ್ನು ಸಲಹೆಗಾರರನ್ನಾಗಿ ಕರೆದುಕೊಂಡಿತು. 80 ದಾಟಿದ ರಿಕಿ ಬಂದವರೇ ಹಳೆಯ ತಕ್ಕಡಿಯನ್ನೇ ಹೊರತೆಗೆದರು. ಸ್ಟ್ಯಾನ್ ಮ್ಯೂಸಿಯಲ್ ನಿವೃತ್ತರಾಗಬೇಕೆಂದು ಸೂಚಿಸಿದರು. 41ರ ಮ್ಯೂಸಿಯಲ್ ಆ ವರ್ಷವಷ್ಟೇ 0.330 ಸರಾಸರಿ ಗಳಿಸಿದ್ದರಿಂದ ಸೇಂಟ್ ಲೂಯಿಸ್ ಸಿಡಿದೆದ್ದಿತು. ಮರುವರ್ಷ ಆ ಸರಾಸರಿ ಇಳಿಯಿತು, ಮ್ಯೂಸಿಯಲ್ ತಾವಾಗಿಯೇ ನಿವೃತ್ತರಾದರು. ಪಿಟ್ಸ್‌ಬರ್ಗಿನಿಂದ ಗ್ರೋಟ್ ಅವರನ್ನು ತರುವುದಕ್ಕೂ ರಿಕಿ ಅಡ್ಡಿ ಹೇಳಿದ್ದರು: 32ರ ಆಟಗಾರನಿಗಾಗಿ ಎಳೆಯರನ್ನು ಕೊಡುವುದೇ? ತಾವೇ ಒಮ್ಮೆ ಆರಿಸಿದ್ದವರೆಂಬ ಮಮತೆಯೂ ಅಡ್ಡ ಬರಲಿಲ್ಲ. ಗ್ರೋಟ್ ಬಂದರು, 1963ರಲ್ಲಿ 0.319 ಸರಾಸರಿ ಗಳಿಸಿದರು. 1964ರಲ್ಲಿ ಕಾರ್ಡಿನಲ್ಸ್ ವಿಶ್ವ ಸರಣಿ ಗೆದ್ದಿತು. ಅದೇ ವರ್ಷದ ಕೊನೆಗೆ ರಿಕಿ ಆ ಹುದ್ದೆಯಿಂದ ಹೊರಬಂದರು.

1965ರ ನವೆಂಬರ್ 13ರಂದು ಮಿಸೌರಿ ರಾಜ್ಯದ ಕೊಲಂಬಿಯ ಪಟ್ಟಣದಲ್ಲಿ, ಕ್ರೀಡಾ ಗೌರವವೊಂದನ್ನು ಸ್ವೀಕರಿಸಿ ಧೈರ್ಯದ ವಿಷಯವಾಗಿ ಮಾತನಾಡುತ್ತಿದ್ದಾಗ ಅವರು ವೇದಿಕೆಯಲ್ಲೇ ಕುಸಿದರು. ಮತ್ತೆ ಎಚ್ಚರವಾಗಲಿಲ್ಲ. ಡಿಸೆಂಬರ್ 9ರಂದು, 84 ತುಂಬಲು ಹನ್ನೊಂದು ದಿನವಿರುವಾಗ, ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಒಹಾಯೊದಲ್ಲಿ, ಹುಟ್ಟಿದ ಊರಿನ ಸಮೀಪದಲ್ಲಿ.