ಪುಣೆಗೆ ಹೊರಟ ವಿದ್ಯಾರ್ಥಿ

ಒಂದು ವಿಶ್ವವಿದ್ಯಾನಿಲಯವನ್ನು ಬಿಟ್ಟು ಇನ್ನೊಂದನ್ನು ಸೇರಲು ಅರ್ಜಿ ಹಾಕಿ ಕಾದು ಕುಳಿತ ಹುಡುಗರ ಮುಖಗಳನ್ನು ನಾನು ಪ್ರತಿವರ್ಷವೂ ನೋಡುತ್ತೇನೆ. ಇಲ್ಲಿಯ ವರ್ಗಾವಣೆ ಪತ್ರ ಕೈಗೆ ಬಂದಿರುತ್ತದೆ. ಅಲ್ಲಿಯ ಒಪ್ಪಿಗೆ ಬಂದಿರುವುದಿಲ್ಲ. ಹಿಂದಿನ ಮನೆಯ ಬಾಗಿಲು ಹಾಕಿಯಾಗಿದೆ, ಮುಂದಿನ ಮನೆಯ ಬಾಗಿಲು ತೆರೆದಿಲ್ಲ. ಈ ಸಲ ಅಂಥ ಹುಡುಗನೊಬ್ಬ ಹದಿನೈದು ದಿನ ಬಿಡದೆ ಬಸವನಗುಡಿಯ ನಮ್ಮ ಕಾಲೇಜಿನ ಜಗಲಿಗೆ ಬಂದು, ನನ್ನ ಕೊಠಡಿಯ ಮುಂದೆ ನಿಂತು, ಏನನ್ನೂ ಕೇಳದೆ ಹೊರಟುಹೋಗುತ್ತಿದ್ದ. ತಂದೆಯಿಲ್ಲದ ಹುಡುಗ, ಓದುವುದು ಸೋದರಮಾವನ ಆಸರೆಯಲ್ಲಿ. ಅವನನ್ನು ಕಂಡಾಗಲೆಲ್ಲ ನನಗೆ ನೆನಪಾಗುತ್ತಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ನಮ್ಮ ಕಣ್ಣಿಗೆ ಕಟ್ಟಿರುವ ವಿಶ್ವೇಶ್ವರಯ್ಯನವರಿಗೆ ಬಾಲ್ಯವೇ ಇದ್ದಂತಿಲ್ಲ. ಮೈಸೂರು ಪೇಟ, ಗರಿಗರಿಯಾದ ಸೂಟು, ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಇವುಗಳ ಜೊತೆಯಲ್ಲಿಯೇ ಅವರು ಹುಟ್ಟಿದರೋ ಎಂಬಂತೆ ನಾವು ಅವರನ್ನು ಚೌಕಗಳಲ್ಲಿ ನಿಲ್ಲಿಸಿಬಿಟ್ಟಿದ್ದೇವೆ. ಆದರೆ ಅವರೂ ಒಂದು ಕಾಲದಲ್ಲಿ ಬೇರೆಯವರ ಮನೆಯ ಹುಡುಗರಿಗೆ ಪಾಠ ಹೇಳಿ ತಮ್ಮ ಓದಿನ ಖರ್ಚನ್ನು ದುಡಿದುಕೊಳ್ಳುತ್ತಿದ್ದ ಬಡ ವಿದ್ಯಾರ್ಥಿ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಹುಟ್ಟೂರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು. ಮಗನಿಗೆ ಹದಿನೈದರ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರೇ ಆಮೇಲೆ ದಿಕ್ಕು. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕೊಡಗಿನ ಮುದ್ದಯ್ಯನವರ ಮಕ್ಕಳಿಗೆ ಈ ಹುಡುಗ ಮನೆಪಾಠ ಹೇಳುತ್ತಿದ್ದ. ಊಟ ಮಾವನ ಮನೆಯಲ್ಲಿ, ರಾತ್ರಿ ಮಲಗುವುದು ಮುದ್ದಯ್ಯನವರ ಮನೆಯಲ್ಲಿ, ನಡುವೆ ನಡಿಗೆ. ಅಂದಿನ ಬೆಂಗಳೂರಿನಲ್ಲಿ ಚಾಮರಾಜಪೇಟೆಯಿರಲಿಲ್ಲ. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳೂ ಇರಲಿಲ್ಲ. ಇತ್ತ ಕೋಟೆ ಪೇಟೆ, ಅತ್ತ ದಂಡು, ನಡುವೆ ಸೆಂಟ್ರಲ್ ಕಾಲೇಜು. 1858ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿ, 1875ರಲ್ಲಿ ಆ ಹೆಸರನ್ನು ಪಡೆದಿದ್ದ ಆ ಕಾಲೇಜಿನ ವಿದ್ಯಾರ್ಥಿ ಅವರು. ಅವರು ಅಲ್ಲಿ ಓದುತ್ತಿದ್ದ ಕಾಲದಲ್ಲಿಯೇ 1876ರಿಂದ 1878ರವರೆಗಿನ ಘೋರ ಬರಗಾಲ ಮೈಸೂರು ಸೀಮೆಯ ಐದರಲ್ಲೊಂದು ಪಾಲು ಜನರನ್ನು ನುಂಗಿತು. ಹಸಿದವರ ಸಾಲುಗಳನ್ನು ದಾಟಿಯೇ ಆ ಹುಡುಗ ಪಾಠಕ್ಕೆ ಹೋಗಿರಬೇಕೆಂದು ನಾನು ಊಹಿಸುತ್ತೇನೆ.

1881ರಲ್ಲಿ ಬಿ.ಎ. ಪದವಿ ಬಂತು. ಕೊಟ್ಟದ್ದು ಮದರಾಸು ವಿಶ್ವವಿದ್ಯಾನಿಲಯ. ಮೈಸೂರು ಸಂಸ್ಥಾನಕ್ಕೆ ತನ್ನದೆಂಬ ವಿಶ್ವವಿದ್ಯಾನಿಲಯ ಆಗ ಇರಲಿಲ್ಲ. ಪದವಿ ಕೈಗೆ ಬಂದರೂ ದಾರಿ ತೆರೆಯಲಿಲ್ಲ. ಗಣಿತದಲ್ಲಿ ಒಲವಿದ್ದ ಆ ತರುಣನಿಗೆ ಬೇಕಾಗಿದ್ದುದು ಎಂಜಿನಿಯರಿಂಗ್ ವಿದ್ಯೆ. ಅದನ್ನು ಕಲಿಸುವ ಕಾಲೇಜು ಬೆಂಗಳೂರಿನಲ್ಲಿ ಇರಲಿಲ್ಲ. ಕಣ್ಣು ಹೋದದ್ದು ಪುಣೆಯ ಸೈನ್ಸ್ ಕಾಲೇಜಿನ ಕಡೆಗೆ. ಅದು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ವಿಶ್ವವಿದ್ಯಾನಿಲಯ ಬೇರೆ, ಪ್ರಾಂತ ಬೇರೆ, ಭಾಷೆ ಬೇರೆ. ಬೆಂಗಳೂರಿನಿಂದ ಅಲ್ಲಿಗೆ ನೇರವಾದ ರೈಲು ಕೂಡ ಆಗಿನ್ನೂ ಇರಲಿಲ್ಲ. ಎಲ್ಲಕ್ಕಿಂತ ಮೇಲಾಗಿ, ಅಲ್ಲಿದ್ದು ಓದಲು ಹಣವಿರಲಿಲ್ಲ. ಮನೆಪಾಠದ ಸಂಪಾದನೆ ಪುಣೆಯವರೆಗೆ ಬರುವಂಥದಲ್ಲ.

ಅವರಿಗೆ ವಿದ್ಯಾರ್ಥಿವೇತನ ಕೊಡಬೇಕಾಗಿದ್ದ ಸರ್ಕಾರದ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಆ ವರ್ಷದ ಮಾರ್ಚಿಯಲ್ಲಿಯಷ್ಟೇ ಐವತ್ತು ವರ್ಷಗಳ ಬ್ರಿಟಿಷ್ ಆಡಳಿತ ಮುಗಿದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತ್ತು. ದಿವಾನ ರಂಗಾಚಾರ್ಲು ಅವರ ಕೈಗೆ ಬಂದ ಬೊಕ್ಕಸದ ಮೇಲೆ ಬರಗಾಲದ ಸಾಲ ಎಂಬತ್ತು ಲಕ್ಷ ರೂಪಾಯಿ. ಕಂಡಕಂಡಲ್ಲಿ ಖರ್ಚನ್ನು ಕತ್ತರಿಸುತ್ತಿದ್ದ ಕಾಲ ಅದು. ಅಂಥ ಬೊಕ್ಕಸದ ಮುಂದೆ ತಂದೆಯಿಲ್ಲದ ಹುಡುಗನೊಬ್ಬನ ಓದು ಎಷ್ಟರದು? ಆ ದಿನಗಳ ತಳಮಳವನ್ನು ನಾವು ಬಗೆದುಕೊಳ್ಳಬೇಕಷ್ಟೆ. 1951ರಲ್ಲಿ ಅವರು ಪ್ರಕಟಿಸಿದ ನೆನಪುಗಳ ಪುಸ್ತಕಕ್ಕೆ ದುಡಿಮೆಯ ಬದುಕಿನ ನೆನಪುಗಳೆಂದೇ ಹೆಸರು. ದುಡಿಮೆಯ ಲೆಕ್ಕ ಅಲ್ಲಿ ಧಾರಾಳ, ಎದೆಯ ಕಳವಳದ ಮಾತಿಗೆ ಜಿಪುಣತನ. ಇಂದಿನ ಹುಡುಗ ಗಳಿಗೆಗೊಮ್ಮೆ ಮೊಬೈಲು ತೆರೆದು ನೋಡುತ್ತಾನೆ. ಅಂದಿನವನಿಗೆ ಅಂಚೆಯವನ ದಾರಿಯನ್ನೂ ಹಿರಿಯರ ಮುಖವನ್ನೂ ನೋಡುವುದಲ್ಲದೆ ಬೇರೆ ಗತಿಯಿರಲಿಲ್ಲ.

ಹಿರಿಯರಲ್ಲಿ ಒಬ್ಬರ ಮುಖ ಅವರ ಪಾಲಿಗೆ ಪ್ರಸನ್ನವಾಗಿತ್ತು. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್ ಎಂಬ ಆಂಗ್ಲರು ಈ ವಿದ್ಯಾರ್ಥಿಯನ್ನು ಬಹಳವಾಗಿ ಮೆಚ್ಚಿದ್ದರು. ಎಷ್ಟೋ ವರ್ಷಗಳ ಮೇಲೆ ಆ ಗುರುಗಳು ತೀರಿಕೊಂಡಾಗ, ತಮ್ಮ ಅಂಗಿಯ ತೋಳಿನ ಚಿನ್ನದ ಗುಂಡಿಗಳು ವಿಶ್ವೇಶ್ವರಯ್ಯನಿಗೆ ಸೇರಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದರಂತೆ. ಮೇಷ್ಟರ ಕೆಲಸದಲ್ಲಿರುವ ನನಗೆ ಕನ್ನಂಬಾಡಿಗಿಂತ ಈ ಗುಂಡಿಗಳ ಕಥೆಯೇ ಹೆಚ್ಚು ಹತ್ತಿರದ್ದು.

ಕೊನೆಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ತರುಣ ಪುಣೆಗೆ ಹೊರಟ. 1883ರ ಅಂತಿಮ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗನಾದ. ರಂಗಾಚಾರ್ಲು ಅದನ್ನು ನೋಡಲಿಲ್ಲ. ಆ ವರ್ಷದ ಜನವರಿಯಲ್ಲಿಯೇ ತೀರಿಕೊಂಡಿದ್ದರು. ಮೊದಲ ಸ್ಥಾನ ಪಡೆದವನಿಗೆ ಮುಂಬಯಿ ಸರ್ಕಾರದಲ್ಲಿ ಕೆಲಸ ಖಚಿತವಾಗಿದ್ದುದರಿಂದ, 1884ರಲ್ಲಿ ಅವರು ಅಲ್ಲಿಯೇ ಸಹಾಯಕ ಎಂಜಿನಿಯರಾಗಿ ಸೇರಿದರು. ಹಣ ಕೊಟ್ಟು ಓದಿಸಿದ್ದು ಮೈಸೂರು, ಫಲ ಉಂಡದ್ದು ಮುಂಬಯಿ. ಇನ್ನು ಕಾಯುವ ಸರದಿ ಮೈಸೂರಿನದಾಯಿತು. ಅದು ಇಪ್ಪತ್ತೈದು ವರ್ಷ ಕಾಯಿತು. 1909ರಲ್ಲಿ ಅವರು ಮುಖ್ಯ ಎಂಜಿನಿಯರಾಗಿ ಮರಳಿದರು, 1912ರಲ್ಲಿ ದಿವಾನರಾದರು.

ಮುಂದಿನದು ಎಲ್ಲರೂ ಬಲ್ಲ ಕಥೆ. ಆದರೆ ಅದರಲ್ಲಿ ಎರಡು ಇಸವಿಗಳನ್ನು ನಾನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಇಲ್ಲಿಯ ಹುಡುಗರು ಪದವಿಗಾಗಿ ಮದರಾಸಿನ ಮುಖ ನೋಡುವುದು ತಪ್ಪಿತು. 1917ರಲ್ಲಿ ಬೆಂಗಳೂರಿನಲ್ಲಿಯೇ ಎಂಜಿನಿಯರಿಂಗ್ ಕಾಲೇಜು ಬಂತು. ಇಂದು ಅವರ ಹೆಸರನ್ನೇ ಹೊತ್ತು ಕೃಷ್ಣರಾಜ ವೃತ್ತದ ಬಳಿ ಇರುವ ಆ ಕಾಲೇಜಿಗೆ, ಅವರು ಬಿ.ಎ. ಓದಿದ ಸೆಂಟ್ರಲ್ ಕಾಲೇಜಿನಿಂದ ನಡೆದೇ ಹೋಗಬಹುದು. ಪುಣೆಯ ದಾರಿಯನ್ನು ಅವರು ಅಷ್ಟು ಹತ್ತಿರಕ್ಕೆ ತಂದಿಟ್ಟರು.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಹೇಳಿದಂತಾಗುತ್ತದೆ. ಸರ್ಕಾರದ ಹುದ್ದೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯ ಕೊಡುವ ವಿಚಾರಕ್ಕಾಗಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ, ವಿಶ್ವೇಶ್ವರಯ್ಯನವರು ಅರ್ಹತೆಯೊಂದೇ ಅಳತೆಗೋಲೆಂಬ ಪಟ್ಟನ್ನು ಬಿಡಲಿಲ್ಲ. ಅದೇ ವರ್ಷ ದಿವಾನಗಿರಿಯನ್ನು ಬಿಟ್ಟರು. ಅವರ ಅರ್ಹತೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಅರ್ಹತೆ ಮಾವನ ಮನೆಯ ಅನ್ನವನ್ನೂ, ಗುರುವಿನ ಕಣ್ಣನ್ನೂ, ಸಾಲದಲ್ಲಿದ್ದ ಬೊಕ್ಕಸದ ಕೈಯನ್ನೂ ಬೇಡುತ್ತದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಈ ಪ್ರಶ್ನೆಯನ್ನು ನಾನು ಅವರ ಮೇಲಿನ ಗೌರವದಿಂದಲೇ ಕೇಳಿಕೊಂಡಿದ್ದೇನೆ. ಉತ್ತರ ಸಮಾಧಾನವಾಗಿ ಸಿಕ್ಕಿಲ್ಲ.

ಕಳೆದ ವಾರ ನಮ್ಮ ಹುಡುಗನಿಗೆ ಒಪ್ಪಿಗೆ ಬಂತು. ಪುಣೆಗಲ್ಲ, ಧಾರವಾಡಕ್ಕೆ. ಮೊದಲ ಕಂತಿನ ಹಣವನ್ನು ಇದೇ ತಿಂಗಳೊಳಗೆ ಕಟ್ಟಬೇಕಂತೆ. ಅದನ್ನು ಹೊಂದಿಸಲು ಸೋದರಮಾವ ಊರಿಗೆ ಹೋಗಿದ್ದಾರೆ. ಹುಡುಗ ಈಗಲೂ ಬಂದು ಜಗಲಿಯಲ್ಲಿ ನಿಲ್ಲುತ್ತಾನೆ.